ಡೇರಿಯ ಪೆಟ್ಟಿಗೆಗೆ ಹಚ್ಚಿದ ಗಂಧ

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಾಲಿನ ಡೇರಿಗಳ ಯಂತ್ರ ರಿಪೇರಿ ಮಾಡಿಕೊಂಡು ತಿರುಗುವವನು ನಾನು. ಹಾಲಿನ ತೂಕ, ಕೊಬ್ಬು ನೋಡಿ ಚೀಟಿ ಕೊಡುವ ಆ ಯಂತ್ರದ ಮಿದುಳು ಸೋಪಿನ ಪೆಟ್ಟಿಗೆಯಷ್ಟು ಪುಟ್ಟ ಕಂಪ್ಯೂಟರು. ಅದಕ್ಕೆ ಬೇಕಾದದ್ದು ಗಾಳಿ. ನಮ್ಮ ಜನ ಅದೊಂದನ್ನು ಬಿಟ್ಟು ಬೇರೆಲ್ಲ ಕೊಡುತ್ತಾರೆ.

ಮಾಕವಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಬೇಸಿಗೆಯಲ್ಲಿ, ಸಂಜೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೇ ಯಂತ್ರ ಕಾದು ನಿಂತುಹೋಗುತ್ತದೆ ಎಂದು ಡೇರಿ ಕಾರ್ಯದರ್ಶಿ ಫೋನ್ ಮಾಡಿದ. ಹೋಗಿ ನೋಡಿದರೆ, ಧೂಳು ಕೂರಬಾರದೆಂದು ಪುಣ್ಯಾತ್ಮ ಕಂಪ್ಯೂಟರನ್ನು ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಿದ್ದ. ಮೇಲೆ ದೇವರ ಫೋಟೊ, ಊದುಬತ್ತಿ. ಮುಚ್ಚಳ ತೆಗೆದೆ. ಗಬ್ಬುನಾತ ಮುಖಕ್ಕೆ ಹೊಡೆಯಿತು. ಮುಚ್ಚಳದ ಬಿರುಕಿನಿಂದ ಒಳಗಿಳಿದ ಹಾಲು ಒಣಗಿ ಹಳದಿ ಹಕ್ಕಳೆಯಾಗಿತ್ತು, ಅದರ ಮೇಲೆ ಊದುಬತ್ತಿ ಬೂದಿ, ಸಂದಿಯಲ್ಲಿ ಜಿರಳೆಗಳ ಸಂಸಾರ. ಮೂಲೆಯಲ್ಲೊಂದು ಹಲ್ಲಿ ಸತ್ತು ಅಂಟಿಕೊಂಡಿತ್ತು. ಹೊರಗೆ ಓಡಿ ಉಗಿದು ಬಂದೆ. ಮಕ್ಕಳು ಕುಡಿಯುವ ಹಾಲಿನ ಪಕ್ಕದಲ್ಲಿ ಇದು, ಥೂ!

"ವಾರವಾರ ಪೂಜೆ ಮಾಡ್ತೀವಿ ಸಾ, ಆದ್ರೂವೆ ಇಂಗಾಯ್ತದೆ," ಎಂದ ಕಾರ್ಯದರ್ಶಿ.

ನಾನು ಕೆರೆದು ಒರೆಸುವಷ್ಟರಲ್ಲಿ ಹೊರಗೆ ಕ್ಯಾನುಗಳ ಸಾಲು ಬೆಳೆದಿತ್ತು. ಯಂತ್ರ ಚೀಟಿ ಕೊಡದಿದ್ದರೆ ಯಾರೂ ಹಾಲು ಹಾಕುವುದಿಲ್ಲ. ಕೈಯಲ್ಲಿ ಬರೆದದ್ದನ್ನು ಆ ಊರಲ್ಲಿ ಒಬ್ಬರೂ ನಂಬುವುದಿಲ್ಲ. ಅಂತೂ ಯಂತ್ರ ಎದ್ದಿತು, ಆದರೆ ಸಾಲು ಮುಗಿಯುವ ಮೊದಲೇ ಹಾಲಿನ ವ್ಯಾನು ಬಂದು ಹೊರಟೂ ಹೋಯಿತು. ಕೊನೆಯಲ್ಲಿದ್ದ ಅಜ್ಜಿಯ ಹಾಲು ಉಳಿಯಿತು. ಒಂದೇ ಹಸುವಿನಲ್ಲಿ ಜೀವನ ಸಾಗಿಸುವವಳು ಅವಳು.

ಪೆಟ್ಟಿಗೆಯ ಸುತ್ತ ತೂತು ಕೊರೆದು, ಒಳಗೆ ಪುಟ್ಟ ಫ್ಯಾನು ಕೂರಿಸಿದೆ. ಬಿಸಿಯಾದರೆ ಇದು ಸಾಯುತ್ತದೆ, ತಂಪಾಗಿಡಿ ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅಜ್ಜಿ ತುಂಬಿದ ಕ್ಯಾನು ಹಿಡಿದು ನಿಂತು ಕೇಳಿಸಿಕೊಂಡು, ಮನೆ ಕಡೆ ನಡೆದಳು.

ಮುಂದಿನ ವಾರ ಮತ್ತೆ ಅದೇ ಫೋನು. ಪಾಂಡವಪುರದಿಂದ ಬಿಸಿಲಲ್ಲಿ ಬೈಕು ಓಡಿಸಿಕೊಂಡು, ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ನೋಡಿದರೆ ಒಂದೊಂದು ತೂತಿಗೂ ಗಂಧ ಮೆತ್ತಿದೆ, ಗೋಡೆಗೆ ಗಾರೆ ಮೆತ್ತಿದ ಹಾಗೆ. ನಡುವೆ ಕುಂಕುಮದ ಬೊಟ್ಟು ಬೇರೆ.

"ಯಾವನ್ಲಾ ಇದನ್ನ ಮೆತ್ತಿದ್ದು?" ಎಂದು ಕಿರುಚಿದೆ.

ಸಾಲಿನಲ್ಲಿ ಅವತ್ತು ಎಲ್ಲರಿಗಿಂತ ಮುಂದೆ ಅದೇ ಅಜ್ಜಿ ನಿಂತಿದ್ದಳು. "ನಾನೇ ಕಣಪ್ಪ. ಬಿಸಿ ಆದ್ರೆ ಸಾಯ್ತದೆ ಅಂದ್ಯಲ್ಲ. ಗಂಧ ತಂಪಲ್ವಾ? ದಿನಾ ತೇದು ತಂದು ಅಚ್ಚಿವ್ನಿ."

ತೇದೂ ತೇದೂ ಅವಳ ಬೆರಳ ತುದಿ ಬೆಳ್ಳಗಾಗಿತ್ತು. ನಾನು ಕೂತು ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದೆ. ತೂತಿನಿಂದ ಒಳಗಿಳಿದು ಫ್ಯಾನಿನ ರೆಕ್ಕೆಗೂ ಗಂಧ, ಗಂಧಕ್ಕೆ ಅಂಟಿ ಸತ್ತ ನೊಣಗಳು. ಉಸಿರು ಬಿಗಿಹಿಡಿದು ಎಲ್ಲ ತೆಗೆದೆ. ಯಂತ್ರ ಎದ್ದಿತು. ವ್ಯಾನು ಬರುವ ಮೊದಲೇ ಅಜ್ಜಿಯ ಹಾಲು ಅಳೆದಾಯಿತು.

ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದ ಅವಳು ನನ್ನ ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಕೇಳಿದಳು:

"ನಾಳಿಕೆ ವಸಿ ತೆಳ್ಳಗೆ ಅಚ್ಲೇನಪ್ಪಾ?"