ಅಕ್ಕನ ದನಿ

ಪ್ರಾಥಮಿಕ ಶಾಲೆಯೊಂದರಲ್ಲಿ ಆಕೆ ಕಂಪ್ಯೂಟರ್ ಟೀಚರ್. ಮದುವೆಯಾಗದೆ ಅಕ್ಕನ ಮನೆಯಲ್ಲೇ ಇದ್ದಳು. ಗಂಡನನ್ನು ಕಳೆದುಕೊಂಡಿದ್ದ ಅಕ್ಕ ಮಾತಿನ ಮಲ್ಲಿ. ಅವಳು ಬಾಯಿ ತೆರೆದರೆ ಮನೆ ತುಂಬುತ್ತಿತ್ತು. ಅಂಥವಳ ಗಂಟಲಲ್ಲೇ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ವೈದ್ಯರು.

ಆಪರೇಷನ್ನಿಗೆ ಮುಂಚೆ ತಂಗಿ ಅಕ್ಕನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ರೆಕಾರ್ಡ್ ಮಾಡಿಕೊಂಡಳು. ಅಕ್ಕ ತನ್ನ ಪುಟ್ಟ ಮಗಳಿಗೆ ಹೇಳುತ್ತಿದ್ದ ಕತೆಗಳನ್ನೆಲ್ಲ ಹೇಳಿದಳು. ಊಟಕ್ಕೆ ಕರೆದಳು, ಸುಳ್ಳುಸುಳ್ಳೇ ಗದರಿದಳು. ಆಮೇಲೆ ಮಾತಿಲ್ಲದವಳಾಗಿ ಮನೆಗೆ ಬಂದಳು. ಸಂಜೆಯಾದರೆ ಮಗು ಚಿಕ್ಕಮ್ಮನ ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೂರುತ್ತಿತ್ತು. ಅದನ್ನೆಲ್ಲ ಇನ್ನೊಂದು ಕಡೆಯೂ ಕಾಪಿ ಮಾಡಿಡಬೇಕೆಂದು ಟೀಚರ್ ಅಂದುಕೊಳ್ಳುತ್ತಲೇ ಇದ್ದಳು. ಅಕ್ಕನ ಔಷಧಿ, ಪಥ್ಯ, ಆಸ್ಪತ್ರೆ ಓಡಾಟದಲ್ಲಿ ಅದು ನಾಳೆ ನಾಡಿದ್ದಾಯಿತು.

ಆ ವರ್ಷ ಮಕ್ಕಳಿಗಾಗಿ ಅವಳು ಕಾರ್ಡುಗಳ ಆಟವೊಂದನ್ನು ಮಾಡಿದಳು. ಕೆಂಪು ಕಾರ್ಡಿನಲ್ಲಿ ಅಪಾಯ, ಹಸಿರಿನಲ್ಲಿ ರಕ್ಷಣೆ. ಕದ್ದು ನೋಡುವವರಿಗೆ ಊಹಿಸಲಾಗದ ಪಾಸ್‌ವರ್ಡ್, ವೈರಸ್ಸಿಗೆ ಆಂಟಿವೈರಸ್, ಕಂಪ್ಯೂಟರ್ ಕೆಟ್ಟುಹೋದರೆ ಬ್ಯಾಕಪ್, ಅಂದರೆ ಬೇರೆಡೆ ಇಟ್ಟ ಕಾಪಿ. ಹೀಗೆ ಜೋಡಿ ಹೊಂದಿಸಬೇಕು. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ಹಾಕಿಸಿ ತಂದಾಗ ಒಂದು ಅಕ್ಷರ ತಪ್ಪಾಗಿತ್ತು. ತಿದ್ದುವ ಅವಸರದಲ್ಲಿ ಪೆನ್‌ಡ್ರೈವನ್ನು ವೈರಸ್ ಇದೆಯೇ ಎಂದು ಸ್ಕ್ಯಾನ್ ಮಾಡದೆ ಲ್ಯಾಪ್‌ಟಾಪಿಗೆ ಹಾಕಿ ತೆರೆದಳು. ಅಂಗಡಿಯಿಂದ ಅದರೊಳಗೆ ವೈರಸ್ ಹೊಕ್ಕಿತ್ತು. ಲ್ಯಾಪ್‌ಟಾಪಿನಲ್ಲಿದ್ದುದೆಲ್ಲ ಅಕ್ಕನ ದನಿ ಸಮೇತ ಕಣ್ಣೆದುರೇ ಹಾಳಾಯಿತು. ರಿಪೇರಿಯವನು ಹೆಣಗಾಡಿ ಕೊನೆಗೆ ಕೈಚೆಲ್ಲಿದ. ಮನೆಯಲ್ಲಿ ಅದು ರಿಪೇರಿಗೆ ಹೋಗಿದೆ ಎಂದಷ್ಟೇ ಹೇಳಿದ್ದಳು.

ತರಗತಿಯಲ್ಲಿ ಆಟವಾಡಿಸುವಾಗ ಹುಡುಗಿಯೊಬ್ಬಳು ವೈರಸ್ ಕಾರ್ಡಿನ ಪಕ್ಕ ಬ್ಯಾಕಪ್ ಇಟ್ಟಳು. ಮಿಕ್ಕವರು ತಪ್ಪೆಂದು ನಕ್ಕರು.

"ವೈರಸ್ ಎಲ್ಲಾ ತಿಂದುಹಾಕಿದ್ಮೇಲೆ ಇನ್ನೇನು ಉಳಿಯುತ್ತೆ ಮಿಸ್? ಕಾಪಿ ಒಂದೇ ಅಲ್ವಾ?"

ಟೀಚರ್ ಸರಿಯೆಂದು ತಲೆಯಾಡಿಸಿ ಬೋರ್ಡಿನ ಕಡೆ ತಿರುಗಿದಳು. ವೈರಸ್ಸಿನ ಎದುರು ಬ್ಯಾಕಪ್ ಎಂದೂ ಬರೆದಳು.

ಅಂದೇ ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿಕೊಂಡಳು. ಅಕ್ಕ ಕೇಳಿಸಿಕೊಂಡು ಅಡುಗೆಮನೆಗೆ ಹೋದಳು. ಮುಖ ತೊಳೆದುಕೊಂಡು ಬಂದಳು. ಅಷ್ಟರಲ್ಲಿ ಮಗು ಕತೆ ಬೇಕೆಂದು ಹಟ ಹಿಡಿದಿತ್ತು. ಟೀಚರ್ ನೆನಪಿದ್ದಷ್ಟನ್ನು ಹೇಳತೊಡಗಿದಳು.

"ಅಮ್ಮ ಹೀಗೆ ಹೇಳ್ತಿರ್ಲಿಲ್ಲ ಚಿಕ್ಕಮ್ಮ," ಎಂದಿತು ಮಗು.

ಅಕ್ಕ ತಂಗಿಗೆ ಒತ್ತಿ ಕೂತಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದನ್ನು ಕೈಸನ್ನೆಯಲ್ಲಿ ತೋರಿಸತೊಡಗಿದಳು. ದಿನವೂ ಹಾಗೇ ನಡೆಯಿತು. ಬರಬರುತ್ತಾ ಮಗು ಅಮ್ಮನ ದನಿ ಬೇಕೆಂದು ಕೇಳುವುದನ್ನೇ ಬಿಟ್ಟಿತು. ಒಂದು ಸಂಜೆ, "ಚಿಕ್ಕಮ್ಮನ ಕತೆ ಬೇಕು," ಎಂದಿತು.

ಅಕ್ಕ ನಕ್ಕು ಮಗುವನ್ನು ತಂಗಿಯ ಮಡಿಲಿಗೆ ದಾಟಿಸಿದಳು. ತಂಗಿಗೆ ನಗು ಬರಲಿಲ್ಲ.