ಹುತ್ತದ ಒಂದು ಬಾಯಿ

ಮಾದಜ್ಜಿ ಕಾಡಿನಲ್ಲಿ ತಲೆ ಎತ್ತಿ ನಡೆದದ್ದನ್ನು ನಾನು ನೋಡಿಯೇ ಇಲ್ಲ. ಎದುರಿಗೆ ಆನೆ ಬಂದರೂ, ಅದರ ಕಾಲಡಿ ಯಾವ ಹುಳ ಸಿಕ್ಕಿಕೊಂಡಿತೋ ಎಂದು ಮೊದಲು ನೋಡುವ ಪೈಕಿ. ನಾನಾಗ ತಮಿಳು ಸೀಮೆಯ ತೊಪ್ಪೂರು ಕಾಡಿಗೆ ಹೊಸದಾಗಿ ಬಂದ ಗಾರ್ಡು. ಖಾಕಿ ತೊಟ್ಟ ಅಮಲು ಬೇರೆ. ಸೌದೆ ಆಯುವ ಈ ಮುದುಕಿಯನ್ನು ಗದರಿಸುವುದೇ ಅರ್ಧ ಕೆಲಸ ಎಂದುಕೊಂಡಿದ್ದೆ.

ಮೊದಲ ಮಳೆ ಬಿದ್ದ ಸಂಜೆ ಅವಳು ಹುತ್ತಕ್ಕೆ ಸೊಪ್ಪು ಮುಚ್ಚಿ, ರೆಕ್ಕೆ ಬಂದ ಗೆದ್ದಲನ್ನು, ಅಂದರೆ ಈಸಲನ್ನು, ಮಡಕೆಗೆ ಹಿಡಿಯುತ್ತಿದ್ದಳು. ಹುರಿದಕ್ಕಿಯ ಜೊತೆ ಅದಕ್ಕಿಂತ ರುಚಿ ಇನ್ನೊಂದಿಲ್ಲ. ಆದರೆ ಹುತ್ತದ ಒಂದು ಬಾಯನ್ನು ಮಾತ್ರ ಮುಚ್ಚುತ್ತಿರಲಿಲ್ಲ. "ಎಲ್ಲಾನೂ ನಾನೇ ತಿಂದ್ರೆ, ಮುಂದ್ಲೊರ್ಸ ಉತ್ತ ಕಟ್ಟಾಕೆ ನೀನ್ ಓಗ್ತೀಯಾ ಗಾರ್ಡಯ್ಯಾ?"

ಮೆಟ್ಟೂರು ಅಣೆ ಕಟ್ಟಿದ ಹೊಸತರಲ್ಲಿ ಒಂದು ಬಿರುಗಾಳಿಗೆ ಗುಡ್ಡದ ಮರಗಳು ಬುಡಮೇಲಾದವು. ಬಿದ್ದದ್ದನ್ನೆಲ್ಲ ಎತ್ತು ಕಟ್ಟಿ ಎಳೆಸಿ ನೆಲ ಗುಡಿಸಿಬಿಡು ಎಂದು ರೇಂಜರ ಹುಕುಂ. ಹಳ್ಳದ ಈಚೆ ಹಾಗೇ ಮಾಡಿಸಿದೆ. ತಿಂಗಳೊಳಗೆ ನೆಲ ಕಾದ ಹೆಂಚಾಯಿತು. ತರಗೆಲೆಯಡಿ ಓಡಾಡುತ್ತಿದ್ದ ಕರಿ ಜೀರುಂಡೆಗಳು ಮಾಯವಾಗಿ, ಬಿಸಿಲಿಗೆ ಹಿಗ್ಗುವ ಕೆಂಪಿರುವೆ ಮಾತ್ರ ಉಳಿದವು.

ಹಳ್ಳದ ಆಚೆಗೆ ಕೈ ಹಾಕುವಾಗ ಮಾದಜ್ಜಿ ಅಡ್ಡ ನಿಂತಳು. "ಆ ಮರ ಅಂಗೇ ಬಿಡು. ಮೇಲಿನ ನೆಳ್ಳು ಓಯ್ತು, ಕೆಳಗಿನ ನೆಳ್ಳಾದ್ರೂ ಇರ್ಲಿ. ಉಳ ಪಾವಂ, ಎಲ್ಲಿಗ್ ಓಗ್ತಾವೆ? ಉತ್ತಕ್ಕೆ ಒಂದು ಬಾಯಿ ಬಿಡಾಕಿಲ್ವಾ, ಅಂಗೆ." ಸೌದೆ ಮಾರಿ ಬದುಕುವವಳು ಅಲ್ಲಿಂದ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಅದನ್ನು ಕಂಡು ನಾನೂ ಬಿಟ್ಟೆ. 'ಇಳಿಜಾರು ತೀರ ಕಡಿದಾಗಿದೆ, ಎತ್ತು ಇಳಿಯುವುದಿಲ್ಲ' ಎಂದು ಸುಳ್ಳು ವರದಿ ಬರೆದೆ.

ಮರುವರ್ಷ ರೇಂಜರು ಬಂದೇಬಿಟ್ಟರು. ಆ ಇಳಿಜಾರಿನಲ್ಲಿ ಮಾದಜ್ಜಿ ಕೋಲೂರಿಕೊಂಡು ಆರಾಮವಾಗಿ ಇಳಿಯುತ್ತಿದ್ದಳು! "ಎತ್ತು ಇಳಿಯದ ಜಾಗ ಇದೇನಾ?" ಎಂದರು. ಕೆಲಸ ಹೋದರೆ ಬಾಣಂತಿ ಹೆಂಡತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಅಜ್ಜಿ ಕೋಲಿನಿಂದ ಕೊಳೆತು ಲಡ್ಡಾದ ಒಂದು ದಿಮ್ಮಿಯನ್ನು ಹೊರಳಿಸಿದಳು. ಕೆಳಗೆ ತೇವದ ಕಪ್ಪು ಮಣ್ಣು, ಗಾಬರಿಯಿಂದ ಓಡುವ ಜೀರುಂಡೆಗಳು.

"ಎನ್ನಮ್ಮಾ ಇದು?" ರೇಂಜರು ತಮಿಳಿನಲ್ಲೇ ಕೇಳಿದರು.

"ನಿಮ್ ಕಾಡಿನ ಆಳುಗೋಳು ಸಾಮಿ. ಸಂಬ್ಳ ಇಲ್ದೆ ಮಣ್ಣು ಉಳ್ತಾವೆ. ಮರ ಬಿಡ್ಸಿದ್ದು ನಾನು, ಬಯ್ಯಾದಾದ್ರೆ ನನ್ನೇ ಬಯ್ಯಿರಿ."

ರೇಂಜರು ಕುಕ್ಕರಗಾಲಲ್ಲಿ ಕೂತು, ದಿಮ್ಮಿಯ ಪಕ್ಕ ಎದ್ದಿದ್ದ ಸಸಿಗಳನ್ನು ಬಹಳ ಹೊತ್ತು ನೋಡಿದರು. "ಇರಲಿ ಬಿಡು" ಎಂದಷ್ಟೇ ಹೇಳಿದರು. ವಾಪಸು ಹೋಗುತ್ತ, ಹಳ್ಳದ ಈಚೆಯ ಗುಡಿಸಿದ ನೆಲ ದಾಟುವಾಗ ಕೆಂಪಿರುವೆ ಕಚ್ಚಿ ಕುಣಿದರು.

ನನ್ನ ಅನ್ನ ಉಳಿಸಿದವಳು ಅವಳು. ಕೈ ಮುಗಿದರೆ, "ನಂಗ್ಯಾಕ್ಲಾ, ಅದುಕ್ಕೆ ಮುಗಿ" ಎಂದು ದಿಮ್ಮಿ ತೋರಿಸಿದಳು.

ಮುಂದಿನ ಬೇಸಿಗೆಯಲ್ಲಿ ಮಾದಜ್ಜಿ ತೀರಿಕೊಂಡಳು. ಮೊದಲ ಮಳೆಯ ಸಂಜೆ ಅವಳ ಮಡಕೆ ಹಿಡಿದು ಆ ಇಳಿಜಾರಿಗೆ ಹೋದೆ. ಅಲ್ಲಿದ್ದ ಹುತ್ತಕ್ಕೆ ಸೊಪ್ಪು ಮುಚ್ಚಿ ಒಂದು ಬಾಯಿ ಬಿಟ್ಟೆ. ಅಲ್ಲಿಂದ ಈಸಲು ಹಾರಿಹೋಗುವುದನ್ನು, ಅಜ್ಜಿ ಎಂದೂ ನೋಡಿರದ ಹಾಗೆ, ತಲೆ ಎತ್ತಿ ನೋಡುತ್ತ ನಿಂತೆ.