ಎಡಮಗ್ಗುಲಿಗೆ ಮಲಗಿಸು

ನೀರಿನ ಟ್ಯಾಂಕರಿನ ಸಾಲಿನಲ್ಲಿ ಆಕೆ ನಿಂತುಕೊಂಡೇ ನಿದ್ದೆ ಹೋಗುತ್ತಿದ್ದಳು. ಸೊಂಟದ ಮೇಲೆ ಖಾಲಿ ಕೊಡ, ಹಣೆಯ ಮೇಲೆ ಆಗಷ್ಟೇ ಎಳೆದ ಮೂರು ಬೆರಳ ವಿಭೂತಿ, ತುಸುವೇ ತೆರೆದ ಬಾಯಿ. ವಾಲಿದ ತಲೆ ಮುಂದಿನವಳ ಬೆನ್ನಿಗೆ ತಗುಲುವಷ್ಟರಲ್ಲಿ ತಟ್ಟನೆ ನೆಟ್ಟಗಾಗುತ್ತಿತ್ತು. ಸಾಲಿನ ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಕೆ ಶಹಾಪುರ ತಾಲೂಕಿನ ಸಗರದವಳು. ಕೂಲಿಯವರ ಶೆಡ್ಡುಗಳಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಊರಿನ ಹೆಸರೇ ಎಲ್ಲರ ಹೆಸರು. ನಾನು ರಾಮಸಮುದ್ರದಾಕಿ, ಎದುರಿನ ಶೆಡ್ಡಿನವಳು ಕೊಂಕಲದಾಕಿ. ಆಕೆಗೆ ಐವತ್ತರ ಮೇಲಾಗಿದ್ದರಿಂದ ಸಗರದಕ್ಕ ಅನ್ನುತ್ತಿದ್ದೆವು. ಯಾದಗಿರಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಇಳಿಸುವ ದೊಡ್ಡ ಶಹರದ ಹೊರಗೆ ಒಂದು ವಿಮಾನ ನಿಲ್ದಾಣವಿತ್ತು. ಅದನ್ನು ಇನ್ನೂ ದೊಡ್ಡದು ಮಾಡುವ ಕೆಲಸಕ್ಕೆ ನಮ್ಮ ಕಡೆಯ ಮಂದಿ ಗುಂಪುಗುಂಪಾಗಿ ಹೋಗಿದ್ದರು. ಸಗರದಕ್ಕನ ಗಂಡ ಸತ್ತಿದ್ದ, ಒಬ್ಬಳೇ ಮಗಳನ್ನು ಸುರಪುರಕ್ಕೆ ಕೊಟ್ಟಾಗಿತ್ತು. ಹಾಗಾಗಿ ಒಂಟಿಯಾಗಿ ಬಂದಿದ್ದಳು. ಕಾಂಕ್ರೀಟು ಕಲೆಸುವ ಮಷೀನಿಗೆ ಜಲ್ಲಿ ಹೊರುವುದು ಆಕೆಯ ಕೆಲಸ.

ನನ್ನ ಗಂಡ ಟಿಪ್ಪರ್ ಓಡಿಸುತ್ತಿದ್ದ. ಶಹರದೊಳಗೆ ಹಗಲು ಟಿಪ್ಪರಿಗೆ ಪರವಾನಗಿ ಇಲ್ಲದ್ದರಿಂದ ಅವನದು ರಾತ್ರಿ ದುಡಿಮೆ. ನಾನು ಪಿಯುಸಿ ಓದಿದವಳೆಂದು ನನಗೆ ನಿಲ್ದಾಣದ ಒಳಗೇ ನೆಲ ಒರೆಸುವ ಕೆಲಸ ಸಿಕ್ಕಿತು. ಅದೂ ರಾತ್ರಿಯದೇ. ಮಗಳಿಗೆ ಐದು ತಿಂಗಳು. ಏನು ಮಾಡುವುದೆಂದು ತಿಳಿಯದೆ ಹೊಸ್ತಿಲಲ್ಲಿ ಕೂತಿದ್ದಾಗ ಸಗರದಕ್ಕ ಎಲೆಅಡಿಕೆ ಜಗಿಯುತ್ತ ಬಂದು, "ಅದಕ್ಯಾಕ ಇಷ್ಟ ಫಿಕರ್ ಮಾಡ್ತಿ ತಂಗಿ? ಹಗಲೆಲ್ಲ ನೀ ನೋಡ್ಕೋ, ರಾತ್ರಿ ನನ್ನ ಬಗಲಾಗ ಹಾಕು. ನಾ ಹೆಂಗೂ ಒಬ್ಬಾಕೀನೇ ಮಲಗಾಕಿ" ಅಂದಳು. ಅಂದಿನಿಂದ ಸಂಜೆ ಕೂಸನ್ನು, ಹಾಲಿನ ಬಾಟಲಿಯನ್ನು ಆಕೆಯ ಶೆಡ್ಡಿನಲ್ಲಿ ಬಿಟ್ಟು ಹೋಗುವುದು, ಬೆಳಿಗ್ಗೆ ಬಂದು ಎತ್ತಿಕೊಳ್ಳುವುದು ರೂಢಿಯಾಯಿತು. ಏನಾದರೂ ಕೊಡಲು ಹೋದರೆ ಸಿಟ್ಟಾಗುತ್ತಿದ್ದಳು. "ಕೂಸು ನನಗ ಆಟಕ್ಕಾಗ್ಯಾದ" ಅನ್ನುತ್ತಿದ್ದಳು.

ಮೊದಲ ಎರಡು ತಿಂಗಳು ವಿಮಾನಗಳು ನಮ್ಮಿಂದ ದೂರದಲ್ಲೇ ಇಳಿಯುತ್ತಿದ್ದವು. ಆಮೇಲೆ ನಮ್ಮವರೇ ಮಣ್ಣು ಹೊತ್ತು ಮಾಡಿದ ಎರಡನೆಯ ರನ್‌ವೇ ಶುರುವಾಯಿತು. ಅದು ಶೆಡ್ಡುಗಳ ಬೆನ್ನಿಗೇ ಇತ್ತು. ಅಲ್ಲಿ ಹಗಲು ವಿಮಾನ ಇಳಿಯುತ್ತಿದ್ದುದು ಅಪರೂಪ, ರಾತ್ರಿಯೇ ಹೆಚ್ಚು. ತಗಡು ಅದುರುತ್ತದೆ, ಗೂಟಕ್ಕೆ ತೂಗುಹಾಕಿದ ಸೌಟು ಬೀಳುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹ್ಞೂಂ ಅನ್ನುತ್ತಿದ್ದೆ ಅಷ್ಟೇ. ರಾತ್ರಿಯೆಲ್ಲ ನಾನಿರುತ್ತಿದ್ದುದು ದಪ್ಪ ಗಾಜಿನ ಒಳಗೆ. ವಿಮಾನ ಕಣ್ಣೆದುರೇ ಏರಿದರೂ ಅಲ್ಲಿ ಸದ್ದು ಬರುತ್ತಿರಲಿಲ್ಲ. ತಣ್ಣನೆಯ ಗಾಳಿ, ಸಣ್ಣಗೆ ಸಂಗೀತ. ವಾರದ ರಜೆಯ ರಾತ್ರಿಯೂ ಕೂಸನ್ನು ಆಕೆಯ ಹತ್ತಿರವೇ ಬಿಟ್ಟು ಹೆಣದಂತೆ ಮಲಗಿಬಿಡುತ್ತಿದ್ದೆ. "ನೀ ದಣದಿ, ಮಲಕ್ಕೋ ಹೋಗು" ಎಂದು ಆಕೆಯೇ ಕಳಿಸುತ್ತಿದ್ದಳು.

ವಿಮಾನಗಳಿಗೆ ಆಕೆ ಹೆಸರಿಟ್ಟಿದ್ದಳು. ಸಣ್ಣವು ಕಡಜಗಳು. ಸಾಮಾನು ಹೊತ್ತು ಬರುವ ಒಂದು ಭಾರೀ ವಿಮಾನ ಎಮ್ಮಿ. "ಎರಡು ಹೊಡದ ಮ್ಯಾಲ ಎಮ್ಮಿ ಬರ್ತದ. ಅದರ ಹಿಂದ ಮೂರು ಕಡಜ. ಆಮ್ಯಾಲ ಹೊತ್ತು ಮೂಡೋ ತನಕ ಲೆಕ್ಕ ಇಲ್ಲ ಬಿಡು" ಎಂದು ಬೆಳಿಗ್ಗೆ ಕೈಮಾಡಿ ವರ್ಣಿಸುತ್ತಿದ್ದಳು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಮಲಗಿದವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಒಂದು ದಿನವೂ ಕೇಳಲಿಲ್ಲ.

ಬರಬರುತ್ತ ಆಕೆಯ ತೂಕಡಿಕೆ ಹೆಚ್ಚಾಯಿತು. ಒಲೆಯ ಮೇಲಿಟ್ಟ ಬೇಳೆ ಸೀದು ಕರಕಲಾಗುತ್ತಿತ್ತು. ಮಾತಾಡುತ್ತಿರುವಾಗಲೇ ಕಣ್ಣು ಮುಚ್ಚುತ್ತಿತ್ತು. ನನಗೆ ಒಳಗೊಳಗೇ ಅಸಹನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿಯುವವಳು ನಾನು. ರಾತ್ರಿಯೆಲ್ಲ ಕೂಸಿನ ಮಗ್ಗುಲಲ್ಲಿ ಮಲಗಿದ್ದು ಹಗಲೂ ತೂಕಡಿಸುವುದೆಂದರೇನು ಅನಿಸುತ್ತಿತ್ತು.

ಒಂದು ದಿನ ಮೇಸ್ತ್ರಿ ನಮ್ಮ ಶೆಡ್ಡಿಗೆ ಬಂದ. ಅವನೂ ನಮ್ಮ ಕಡೆಯವನೇ, ಕೆಟ್ಟವನಲ್ಲ.

"ಸಗರದಾಕಿ ಇವತ್ತ ಮಷೀನಿನ ಬಾಜೂಕ ಬುಟ್ಟಿ ಇಟ್ಟು ಮಲಗಿಬಿಟ್ಟಿದ್ಳು ನೋಡವಾ. ಒಂದೀಟು ವಾಲಿದ್ರ ಮಷೀನಿನಾಗೇ ಹೋಗ್ತಿದ್ಳು. ಆಕಿಗೆ ಏನರ ಜಡ್ಡು ಅದನ? ನೀ ಓದಿದಾಕಿ, ಖರೇ ಹೇಳು."

ಜಡ್ಡು ಇದೆ ಅಂದಿದ್ದರೆ ಎರಡು ದಿನ ರಜೆ ಕೊಟ್ಟು ಹಗುರ ಕೆಲಸಕ್ಕೆ ಹಚ್ಚುತ್ತಿದ್ದನೇನೋ. ನಾನು ಅರೆನಿದ್ದೆಯಲ್ಲಿದ್ದೆ, ಸಿಡುಕಿನಲ್ಲಿದ್ದೆ. "ಎಂಥಾ ಜಡ್ಡುರೀ? ರಾತ್ರಿಯೆಲ್ಲ ಕೂಸಿನ ಜೋಡಿ ಮಲಗೇ ಇರ್ತಾಳ. ಆಕಿ ಗುಣಾನೇ ಹಂಗ, ಮೈಗಳ್ಳಿ" ಅಂದೆ.

ಮರುದಿನ ಸಂಜೆ ಆಕೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು. "ಮೇಸ್ತ್ರಿ ಸಾಕು ಅಂದಾನ ತಂಗಿ. ನಾ ಊರಿಗಿ ಹೊಂಟೀನಿ." ಆಕೆ ಕೂಸಿನ ಗಲ್ಲ ಹಿಡಿದು ಮುದ್ದಿಟ್ಟಳು. ಹೊರಟವಳು ತಿರುಗಿ ನಿಂತು, "ರಾತ್ರಿ ಎಡಮಗ್ಗಲಾ ಮಲಗಸು. ಮರೀಬ್ಯಾಡ" ಅಂದಳು. ಯಾಕೆಂದು ಕೇಳಲಿಲ್ಲ. ಆಕೆ ಬೇಗ ಹೋಗಿಬಿಟ್ಟರೆ ಸಾಕಾಗಿತ್ತು ನನಗೆ.

ಕೂಸು ನೋಡುವವರಿಲ್ಲದೆ ಆ ರಾತ್ರಿ ನಾನು ಕೆಲಸಕ್ಕೆ ಹೋಗಲಿಲ್ಲ. ಆಕೆ ಹೇಳಿದಂತೆ ಮಗಳನ್ನು ಎಡಮಗ್ಗುಲಿಗೆ ಮಲಗಿಸಿದೆ. ಎಡಗಿವಿ ಕೌದಿಯೊಳಗೆ ಹುದುಗಿತು. ದೂರದಲ್ಲಿ ಸದ್ದು ಹುಟ್ಟಿದ ಕೂಡಲೇ ಕೂಸು ಕಣ್ಣು ತೆರೆಯದೆಯೇ ಪುಟ್ಟ ಕೈಯನ್ನು ಗಾಳಿಯಲ್ಲಿ ಆಡಿಸಿ ಏನನ್ನೋ ಹುಡುಕಿತು. ನನ್ನ ಬೆರಳು ಸಿಕ್ಕಿತು. ಅದನ್ನು ಹಿಡಿದು ತನ್ನ ಬಲಗಿವಿಯ ಕಡೆಗೆ ಎಳೆದುಕೊಂಡಿತು. ನಾನು ಅರ್ಥವಾಗದೆ ಕೈ ಬಿಡಿಸಿಕೊಂಡೆ. ಅಷ್ಟರಲ್ಲಿ ವಿಮಾನ ತಲೆಯ ಮೇಲೆ ಬಂತು. ತಗಡು, ಪಾತ್ರೆ, ನೆಲ, ನನ್ನ ಹಲ್ಲು ಎಲ್ಲ ಅದುರಿದವು. ಕೂಸು ಬೆಚ್ಚಿಬಿದ್ದು ಮೈ ಬಿಗಿದು, ಉಸಿರು ಹಿಡಿದು ಚೀರಿತು. ಸಮಾಧಾನ ಮಾಡುವಷ್ಟರಲ್ಲಿ ಇನ್ನೊಂದು ಬಂತು.

ಎದುರಿನ ಕೊಂಕಲದಾಕಿ ಎದ್ದು ಬಂದಳು. "ಮ್ಯಾಲಿನ ಕಿವಿ ಮುಚ್ಚವಾ, ಅಂಗೈಲೆ ಮುಚ್ಚು. ಅಕ್ಕ ಹಂಗೇ ಮಾಡ್ತಿದ್ಳು."

"ಎಷ್ಟು ಹೊತ್ತು?"

"ರಾತ್ರಿಯೆಲ್ಲ. ಗ್ವಾಡಿಗಿ ಬೆನ್ನ ಹಚ್ಚಿ ಕುಂತಿರ್ತಿದ್ಳು. ನಿನಗ ಹೇಳಿಲ್ಲೇನು?"

ಅಂಗೈ ಇಟ್ಟಾಗ ಕೂಸು ಅಲುಗದೆ ಮಲಗಿತು. ತೆಗೆದರೆ ಬೆಚ್ಚುತ್ತಿತ್ತು. ಎರಡು ಹೊಡೆದ ಮೇಲೆ ಎಮ್ಮಿ ಬಂತು, ಅದರ ಹಿಂದೆ ಮೂರು. ಬೆಳಗಾಗುವ ಹೊತ್ತಿಗೆ ನನ್ನ ಭುಜ ಕಲ್ಲಾಗಿತ್ತು. ಅದು ನನಗೆ ಒಂದೇ ರಾತ್ರಿ. ಆಕೆ ನಾಲ್ಕು ತಿಂಗಳು ಹಾಗೆ ಕೂತಿದ್ದಳು, ಹಗಲು ಜಲ್ಲಿ ಹೊತ್ತಿದ್ದಳು. ಬೆಳಿಗ್ಗೆಯೇ ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು, "ಆ ಜಾಗಕ್ಕ ಬ್ಯಾರೇದಾಕಿ ಬಂದಾಳ" ಅಂದ.

ಮೂರು ತಿಂಗಳಿಗೆ ನಾವೂ ಅಲ್ಲಿಂದ ಎದ್ದು ಬಂದೆವು. ಈಗ ಯಾದಗಿರಿ ಸ್ಟೇಷನ್ನಿನ ಹತ್ತಿರ ರವಿಕೆ ಹೊಲಿಯುತ್ತೇನೆ. ಬಂದ ವರ್ಷವೇ ಮಗಳನ್ನು ಎತ್ತಿಕೊಂಡು ಸಗರಕ್ಕೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆಕೆ ತಮ್ಮನ ಮನೆಯಲ್ಲಿದ್ದಳು. ನನ್ನನ್ನು ಕಂಡು, "ಬಂದಿ ಏನವಾ, ಬಾ ಬಾ" ಎಂದು ಮಗಳನ್ನು ಕಸಿದುಕೊಂಡಳು. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮಗಳು ಆಕೆಯ ತೊಡೆಯ ಮೇಲೆಯೇ ನಿದ್ದೆ ಹೋದಳು.

"ಈಗ ಚಂದಾಗಿ ಮಲಗ್ತಾಳೇನು?"

"ಮಲಗ್ತಾಳಕ್ಕ. ನೀನು?"

"ನನಗ ಇಲ್ಲೂ ನಿದ್ದಿ ಬರವಲ್ದು ನೋಡು. ಎಮ್ಮಿ ಬರೋ ಹೊತ್ತಿಗಿ ತಾನಾಗೇ ಎಚ್ಚರಾಗ್ತದ. ಎದ್ದು ಕುಂದರ್ತೀನಿ. ಇಲ್ಲೇನದ, ನಾಯಿ ಸೈತ ಬೊಗಳಂಗಿಲ್ಲ."

ಹೇಳಿ ನಕ್ಕಳು. ಆಗಲೇ ನಾನು ಹೇಳಬೇಕಿತ್ತು. ಆದರೆ ಅಷ್ಟು ಪ್ರೀತಿಯಿಂದ ನೋಡುವವಳ ಮುಖ ಬದಲಾಗುವುದನ್ನು ಕಾಣುವ ಧೈರ್ಯ ಸಾಲಲಿಲ್ಲ. ಮುಂದಿನ ಸಲ ಬಂದಾಗ ಹೇಳಿದರಾಯಿತು ಅಂದುಕೊಂಡು ಶಹಾಪುರದ ಬಸ್ಸು ಹತ್ತಿದೆ.

ಆ ಮುಂದಿನ ಸಲ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಅಂಗಳದಲ್ಲಿ ಆಕೆಯ ತಮ್ಮನ ಹೆಂಡತಿ ಮೊರದಲ್ಲಿ ತೊಗರಿ ಕೇರುತ್ತ ಕೂತಿದ್ದಳು. ಅಕ್ಕ ಎಲ್ಲಿ ಅಂದೆ.

"ಹೋಗ್ಯಾಳ್ರಿ. ಕಾಮಣಿ ಆಗಿ ಕಣ್ಣು ಮೈ ಎಲ್ಲ ಹಳದಿ ಆಗಿತ್ತು. ಹೊಲದಾಗ ಮಣ್ಣ ಕೊಟ್ವಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಕೆಯ ಕೆಲಸ ಹೋದದ್ದು ನನ್ನಿಂದ, ಆಕೆ ಮೈಗಳ್ಳಿ ಎಂದು ಮೇಸ್ತ್ರಿಗೆ ಹೇಳಿದವಳು ನಾನು ಎಂದೆ.

"ಗೊತ್ತದ್ರಿ. ಮೇಸ್ತ್ರಿ ಅವತ್ತೇ ಆಕಿ ಮುಂದ ಹೇಳಿದ್ನಂತ, ನೀವು ಹೀಂಗಂದ್ರಿ ಅಂತ. ನೀವು ಆಗ ಬಂದಾಗ ನಾ ಕೇಳಾಕಿದ್ದೆ. ಆಕಿನೇ ಒಳಗ ಕರದು, ಕೂಸಿನ ತಾಯಿ ಆಕಿ, ಉಂಡು ಹೋಗಲಿ, ಆ ಮಾತು ಎತ್ತಬ್ಯಾಡ ಅಂದ್ಳು."

ಅಂದರೆ ಬಾಗಿಲಿಗೆ ಬಂದು ಎಡಮಗ್ಗುಲಿಗೆ ಮಲಗಿಸು ಅಂದಾಗಲೂ ಆಕೆಗೆ ಗೊತ್ತಿತ್ತು. ರೊಟ್ಟಿ ಬಡಿಸುವಾಗಲೂ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತವ್ವ, ನಂದು ದೊಡ್ಡ ತಪ್ಪಾತು" ಅಂದೆ.

ತಮ್ಮನ ಹೆಂಡತಿ ಮೊರ ನಿಲ್ಲಿಸಲಿಲ್ಲ. ಹೊಟ್ಟು ಹಾರಿಸಿ, ಕಾಳಿನಲ್ಲಿದ್ದ ಒಂದು ಹರಳನ್ನು ಆರಿಸಿ ಎಸೆದು ಹೇಳಿದಳು: "ನನ್ನ ಮುಂದ ಹೇಳಿದ್ರ ಏನ ಬಂತ್ರಿ."